ತಂತಿಕಳ್ಳರೂ ಕಂಪನಿಯ ವಾರ್ತಾಸಂಗ್ರಹವೂ

1799ನೆಯ ಇಸವಿಯ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಈಸ್ಟ್ ಇಂಡಿಯಾ ಕಂಪನಿಯ ಕೈವಶವಾಯಿತು. ಅದಾದ ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು 100 ಮಂದಿ ಫಾಸಿಗಾರರು ಸೆರೆಸಿಕ್ಕರು. ದಾರಿಗರೊಡನೆ ಸ್ನೇಹ ಬೆಳೆಸಿ, ಜೊತೆಯಲ್ಲಿ ನಡೆದು, ಸಮಯ ನೋಡಿ ಕೊರಳಿಗೆ ಉರುಲು ಬಿಗಿದು ಕೊಲ್ಲುವುದು ಇವರ ವೃತ್ತಿಯಾಗಿತ್ತು. ಕನ್ನಡನಾಡಿನಲ್ಲಿ ಇವರಿಗೆ ‘ತಂತಿಕಳ್ಳರು’ ಎಂಬ ಹೆಸರು ಬಳಕೆಯಲ್ಲಿತ್ತೆಂದು ಮದರಾಸಿನ ಶಸ್ತ್ರವೈದ್ಯ ಶೆರ್ವುಡ್ 1816ರಲ್ಲಿ ಬರೆದಿಟ್ಟಿದ್ದಾನೆ. ತಂತಿಯ ಇಲ್ಲವೆ ನರದ ಹುರಿಯ ಉರುಲನ್ನು ಬಳಸುವವರೆಂದು ಆ ಹೆಸರಿನ ಅರ್ಥ. ಜನರಿಗೆ ಇವರ ಗುರುತಿತ್ತು, ಹೆಸರೂ ಇತ್ತು. ಆದರೆ ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಸೆರೆಸಿಕ್ಕ ಆ 100 ಮಂದಿಯ ಮೇಲೆ ವಿಶೇಷವಾದ ಲಕ್ಷ್ಯವೇನೂ ಬೀಳಲಿಲ್ಲ. ಇಂಥ ತಂಡಗಳು ದೇಶದ ಬೇರೆ ಬೇರೆ ಭಾಗಗಳಲ್ಲಿ ನೆಲಸಿವೆಯೆಂಬ ಸಂಶಯವೂ ಅವರಿಗೆ ಹುಟ್ಟಲಿಲ್ಲ.

ಇದಾದ ಮೂವತ್ತು ವರ್ಷಗಳ ಮೇಲೆ, 1830ರ ದಶಕದಲ್ಲಿ, ಅದೇ ಕಂಪನಿ ಸರ್ಕಾರವು ನರ್ಮದೆಯ ತೀರದ ಜಬಲ್ಪುರವನ್ನು ಕೇಂದ್ರವಾಗಿ ಮಾಡಿಕೊಂಡು ಸಾವಿರಾರು ಮಂದಿಯನ್ನು ಹಿಡಿದು, ವಿಚಾರಿಸಿ, ಗಲ್ಲಿಗೇರಿಸಿತು ಅಥವಾ ಕಡಲಾಚೆಗೆ ಸಾಗಿಸಿತು. ಈ ಕಾರ್ಯದ ಕಥೆಯನ್ನು ಇಂಗ್ಲೀಷ್ ಬರಹಗಾರರು ಶೌರ್ಯಕಥೆಯಂತೆ ಹೇಳುತ್ತ ಬಂದಿದ್ದಾರೆ. ಪ್ರಕೃತ ಲೇಖನದ ಉದ್ದೇಶ ಆ ಕಥೆಯನ್ನು ಮತ್ತೊಮ್ಮೆ ಹೇಳುವುದಲ್ಲ. ಅಪರಾಧ ಶೋಧನೆಯಲ್ಲಿ ವಾರ್ತೆಗಳನ್ನು ಕೂಡಿಹಾಕುವ, ಒಂದರೊಡನೊಂದನ್ನು ತಾಳೆ ನೋಡುವ, ಅನೇಕ ಅಧಿಕಾರಿಗಳು ಒಟ್ಟಾಗಿ ಅವನ್ನು ಬಳಸುವ ಒಂದು ವಿಧಾನವು ಇಲ್ಲಿ ರೂಪುಗೊಂಡಿತು. ಆ ವಿಧಾನ ಹೇಗೆ ಹುಟ್ಟಿತು, ಎಷ್ಟರ ಮಟ್ಟಿಗೆ ಸತ್ಯವನ್ನು ಹೊರಗೆಡಹಿತು, ಎಲ್ಲಿ ತಾನೇ ದಾರಿ ತಪ್ಪಿತು ಎಂಬುದನ್ನು ಪರಿಶೀಲಿಸುವುದಷ್ಟೇ ನಮ್ಮ ಉದ್ದೇಶ.

ಮೊದಲಿಗೆ ಆ ಮೂವತ್ತು ವರ್ಷಗಳ ಅಜ್ಞಾನದ ಸ್ವರೂಪವನ್ನು ಅರಿಯಬೇಕು. ಅದು ವಾರ್ತೆಯ ಅಭಾವದಿಂದ ಉಂಟಾದುದಲ್ಲ. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟುಗಳ ನಡುವೆ ಒಂದು ತಂಡವು ಸಿಕ್ಕಿಬಿದ್ದಿತು. ತಿರುವಾಂಕೂರಿನವರೆಗೆ ಹೋಗಿ ಕೊಳ್ಳೆಹೊಡೆದು ಹಿಂದಿರುಗುತ್ತಿದ್ದ ಆ ತಂಡದವರಿಂದ ಫಾಸಿಗಾರರ ಆಚಾರ ವ್ಯವಹಾರಗಳ ಬಗ್ಗೆ ಬಹಳ ವಿಷಯಗಳು ಹೊರಬಿದ್ದವು. ಸುಮಾರು ಅದೇ ಕಾಲದಲ್ಲಿ ಉತ್ತರದ ಇಟಾವಾ ಜಿಲ್ಲೆಯಲ್ಲಿ ಬಾವಿಗಳಿಂದ ಹೆಣಗಳು ಮೇಲಕ್ಕೆ ಬರುತ್ತಿದ್ದವು. ಅಲ್ಲಿನ ಮ್ಯಾಜಿಸ್ಟ್ರೇಟನಾದ ತಾಮಸ್ ಪೆರಿಯು 1810ರಲ್ಲಿ ಸೆರೆಸಿಕ್ಕ ಹದಿಹರೆಯದ ಹುಡುಗನೊಬ್ಬನ ಬಾಯಿಂದ ಠಕ್ಕರ ವೃತ್ತಾಂತವನ್ನು ಬರೆಯಿಸಿಕೊಂಡನು. ಆದರೆ ಅಂಥ ತಪ್ಪೊಪ್ಪಿಗೆಯ ಆಧಾರದ ಮೇಲೆ ಶಿಕ್ಷೆ ವಿಧಿಸಲು ಕಲ್ಕತ್ತೆಯ ನಿಜಾಮತ್ ಅದಾಲತ್ತು ಒಪ್ಪಲಿಲ್ಲ. 1820ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ ಗ್ರಂಥಮಾಲೆಯ 13ನೆಯ ಸಂಪುಟದಲ್ಲಿ ಶೆರ್ವುಡ್ಡನ ಲೇಖನವು ಪುನರ್ಮುದ್ರಣವಾಯಿತು. ಅದರ ಬೆನ್ನಿಗೇ ಉತ್ತರದ ಬಧಕರು ಮತ್ತು ಠಕ್ಕರನ್ನು ಕುರಿತು ಪೊಲೀಸು ಅಧಿಕಾರಿ ಶೇಕ್ಸ್‌ಪಿಯರನ (ನಾಟಕಕಾರನ ಹೆಸರಿನವನು, ಅಷ್ಟೇ) ವರದಿಯೂ ಅಚ್ಚಾಯಿತು. ದಕ್ಷಿಣದ ತಂತಿಕಳ್ಳನೂ ಉತ್ತರದ ಠಕ್ಕನೂ ಹೀಗೆ ಒಂದೇ ಸಂಪುಟದಲ್ಲಿ ಅಕ್ಕಪಕ್ಕದ ಪುಟಗಳಲ್ಲಿ ಕುಳಿತಿದ್ದರು. ಸಂಪಾದಕರಿಗೆ ಅವರ ಸಾಮ್ಯವು ಹೊಳೆದಿರಲೇಬೇಕು. ಆದರೂ ಮುಂದಿನ ಹತ್ತು ವರ್ಷ ಆಡಳಿತದಲ್ಲಿ ಅದರಿಂದ ಏನೂ ಆಗಲಿಲ್ಲ.

ಕಾರಣವು ಅಪರಾಧದ ಸ್ವರೂಪದಲ್ಲಿಯೇ ಇದೆ. ಠಕ್ಕನು ತನ್ನ ಊರಿನಲ್ಲಿ ಒಕ್ಕಲಿಗನೋ ನೇಕಾರನೋ ಆಗಿ ಬಾಳುತ್ತಿದ್ದನು. ದಸರೆ ಕಳೆದ ಮೇಲೆ ತಂಡ ಕಟ್ಟಿಕೊಂಡು ನೂರಾರು ಮೈಲಿ ದೂರ ಹೊರಡುತ್ತಿದ್ದನು. ಕೊಲೆಯಾದವನು ಮನೆಯಿಂದ ತಿಂಗಳುಗಟ್ಟಲೆ ದೂರವಿದ್ದ ದಾರಿಗ. ಅವನು ಬರಲಿಲ್ಲವೆಂಬುದು ಮನೆಯವರಿಗೆ ತಿಳಿಯುವ ವೇಳೆಗೆ ಮಳೆಗಾಲವೊಂದು ಕಳೆದಿರುತ್ತಿತ್ತು. ಹೆಣವನ್ನು ಹೂಳುತ್ತಿದ್ದುದರಿಂದ ಸ್ಥಳೀಯರಿಗೆ ಕೊಲೆ ನಡೆದುದೇ ಗೊತ್ತಾಗುತ್ತಿರಲಿಲ್ಲ. ಹೀಗೆ ಕೊಲೆಗಾರನ ಮನೆ ಒಂದು ರಾಜ್ಯದಲ್ಲಿ, ಕೊಲೆಯ ಸ್ಥಳ ಇನ್ನೊಂದರಲ್ಲಿ, ಸತ್ತವನ ಊರು ಮೂರನೆಯದರಲ್ಲಿ, ಮಾಲು ಮಾರಾಟವಾದ ಪೇಟೆ ನಾಲ್ಕನೆಯದರಲ್ಲಿ. ಸಿಂಧಿಯಾ, ಹೋಳ್ಕರ್, ನಿಜಾಮ, ಅವಧದ ನವಾಬ, ಬುಂದೇಲಖಂಡದ ಅನೇಕ ಸಣ್ಣ ರಾಜರು, ಇವರೆಲ್ಲರ ಗಡಿಗಳ ನಡುವೆ ಕಂಪನಿಯ ಮೂರು ಪ್ರೆಸಿಡೆನ್ಸಿಗಳೂ ಇದ್ದವು. ಪ್ರತಿಯೊಬ್ಬ ಅಧಿಕಾರಿಯ ಕೈಯಲ್ಲಿಯೂ ಒಂದೊಂದು ಚೂರು ಇತ್ತು. ಚೂರನ್ನು ಕೈಯಲ್ಲಿ ಹಿಡಿದವನಿಗೆ ಅದು ಚೂರೆಂಬುದೇ ತಿಳಿದಿರಲಿಲ್ಲ.

ಇದಕ್ಕೆ ವಿಲಿಯಂ ಹೆನ್ರಿ ಸ್ಲೀಮನ್ನನೇ ಸಾಕ್ಷಿ. 1788ರಲ್ಲಿ ಕಾರ್ನ್‌ವಾಲ್ ಪ್ರಾಂತದಲ್ಲಿ ಹುಟ್ಟಿ, 1809ರಲ್ಲಿ ಬಂಗಾಳದ ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದ ಈತನು ನೇಪಾಳದ ಯುದ್ಧದಲ್ಲಿ ಸೇವೆ ಸಲ್ಲಿಸಿ, 1820ರ ತರುವಾಯ ಸಾಗರ-ನರ್ಮದಾ ಪ್ರದೇಶದ ಆಡಳಿತಕ್ಕೆ ಬಂದನು. (ಈ ಸಾಗರವು ಮಧ್ಯಪ್ರದೇಶದ್ದು, ನಮ್ಮ ಮಲೆನಾಡಿನದಲ್ಲ.) 1822ರಿಂದ ಎರಡು ಮೂರು ವರ್ಷ ನರಸಿಂಹಪುರ ಜಿಲ್ಲೆಯ ಹೊಣೆ ಈತನದಾಗಿತ್ತು. ಆ ಜಿಲ್ಲೆಯ ಪ್ರತಿಯೊಬ್ಬ ಕಳ್ಳನ ಗುರುತೂ ತನಗುಂಟೆಂದು ಆಗ ನಂಬಿದ್ದ ಸ್ಲೀಮನ್ನನಿಗೆ, ತನ್ನ ಕಚೇರಿಯಿಂದ 400 ಗಜ ದೂರವೂ ಇಲ್ಲದ ಕಂಡೇಲಿ ಗ್ರಾಮದಲ್ಲಿ ಠಕ್ಕರ ತಂಡವೊಂದು ವಾಸವಾಗಿತ್ತೆಂಬುದು ತಿಳಿದುದು ಅನೇಕ ವರ್ಷಗಳ ತರುವಾಯ. ತನ್ನ ಗ್ರಂಥದಲ್ಲಿ ಆತನೇ ಇದನ್ನು ಒಪ್ಪಿಕೊಂಡಿದ್ದಾನೆ. ಈತನ ಬಗೆಗೆ ಮುಂದೆ ಕಟುವಾದ ಮಾತುಗಳನ್ನು ಹೇಳಬೇಕಾಗಿರುವುದರಿಂದ, ತನ್ನ ಅಜ್ಞಾನವನ್ನು ಮರೆಮಾಚದ ಈ ಪ್ರಾಮಾಣಿಕತೆಯನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

1829ರ ಸುಮಾರಿಗೆ ಮಾಳವದಲ್ಲಿ ಕ್ಯಾಪ್ಟನ್ ಬಾರ್ತ್‌ವಿಕ್ ಎಂಬಾತನು ದೊಡ್ಡದೊಂದು ತಂಡವನ್ನು ಹಿಡಿದನು. 1830ರ ಅಕ್ಟೋಬರಿನಲ್ಲಿ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅನಾಮಧೇಯ ಪತ್ರವೊಂದು ಪ್ರಕಟವಾಯಿತು. ವಿಂಧ್ಯಾಚಲದ ದೇವಿಯ ಗುಡಿಗೂ ದೇಶಾದ್ಯಂತ ನಡೆಯುವ ಈ ಕೊಲೆಗಳಿಗೂ ಸಂಬಂಧವನ್ನು ಕಲ್ಪಿಸಿದ್ದ ಆ ಪತ್ರವನ್ನು ಬರೆದವನು ಸ್ಲೀಮನ್ನನೇ. ಗವರ್ನರ್ ಜನರಲ್ ಬೆಂಟಿಂಕನ ಸರ್ಕಾರವು ಎಚ್ಚೆತ್ತಿತು. ಸಾಗರದಲ್ಲಿ ಗವರ್ನರ್ ಜನರಲನ ಏಜೆಂಟನಾಗಿದ್ದ ಎಫ್. ಸಿ. ಸ್ಮಿತ್ ನ್ಯಾಯಾಧಿಕಾರಿಯಾಗಿಯೂ, ಸ್ಲೀಮನ್ ಶೋಧನೆಯ ಮುಖ್ಯಸ್ಥನಾಗಿಯೂ ಕೆಲಸವನ್ನು ಕೈಗೊಂಡರು.

ಆ ವರ್ಷದ ಕೊನೆಯಲ್ಲಿ ಫಿರಂಗಿಯಾ ಎಂಬ ಜಮಾದಾರನು ಸಿಕ್ಕಿದನು. ಅವನನ್ನು ಹಿಡಿಯಲು ಮೊದಲು ಅವನ ಮನೆಯವರನ್ನು ಹಿಡಿಯಲಾಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಹೆಂಡತಿ ಮಕ್ಕಳು ಸೆರೆಯಲ್ಲಿರುವಾಗ ಅವರಿಂದ ಬಹು ದೂರ ಹೋಗಲಾರನೆಂಬ ಲೆಕ್ಕಾಚಾರವು ಫಲಿಸಿತು. ಪ್ರಾಣಭಿಕ್ಷೆಯ ಭರವಸೆಯ ಮೇಲೆ ಅವನು ಮಾಫಿಸಾಕ್ಷಿಯಾದನು. ಸಲೋಹಾದ ಮಾವಿನ ತೋಪಿನಲ್ಲಿ ಸ್ಲೀಮನ್ನನ ಡೇರೆಗಳು ಬಿದ್ದಿದ್ದಾಗ, ಈ ತೋಪಿನಲ್ಲಿಯೇ ಹೆಣಗಳು ಇವೆಯೆಂದು ಅವನು ತೋರಿಸಿದ ಕಡೆಗಳಲ್ಲಿ ಅಗೆದು ನೋಡಲಾಗಿ ವರ್ಷಗಳ ಹಿಂದೆ ಹೂಳಿದ್ದ ಅಸ್ಥಿಪಂಜರಗಳು ಹೊರಬಂದವು. ಇಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ. ಸೆರೆಯಾಳು ಹೇಳಿದ ಮಾತಿಗೆ ನೆಲವೇ ಸಾಕ್ಷಿ ನುಡಿಯಿತು.

ಇಲ್ಲಿಂದ ಮುಂದೆ ಬೆಳೆದ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಒಬ್ಬ ಮಾಫಿಸಾಕ್ಷಿಯು ತಾನು ಭಾಗವಹಿಸಿದ ಪ್ರತಿಯೊಂದು ಪ್ರವಾಸದ ವಿವರವನ್ನು ಹೇಳಬೇಕು: ಯಾವ ವರ್ಷ, ಎಲ್ಲಿಂದ ಹೊರಟುದು, ಎಷ್ಟು ಜನ, ನಾಯಕರು ಯಾರು, ಎಲ್ಲೆಲ್ಲಿ ಯಾರನ್ನು ಕೊಂದರು, ಮಾಲು ಹೇಗೆ ಹಂಚಿಕೆಯಾಯಿತು. ಇದನ್ನು ಬರೆದುಕೊಂಡ ಮೇಲೆ, ಅವನೊಡನೆ ಸಂಪರ್ಕವಿಲ್ಲದಂತೆ ಬೇರೆಯಾಗಿರಿಸಿದ ಮತ್ತೊಬ್ಬನಿಂದ ಅದೇ ಪ್ರವಾಸದ ವಿವರವನ್ನು ಪಡೆಯಬೇಕು. ಎರಡೂ ಹೊಂದಿದ ಕಡೆ ಸತ್ಯವೆಂದು ಎಣಿಕೆ. ಹೊಂದದ ಕಡೆ ಮರಳಿ ಪ್ರಶ್ನೆ. ಹೆಸರಿಸಲಾದವರ ಪಟ್ಟಿಯನ್ನು ದೂರದ ಅಧಿಕಾರಿಗಳಿಗೆ ಕಳುಹಿಸಲಾಗುತ್ತಿತ್ತು. ಹೈದರಾಬಾದಿನಲ್ಲಿ ಕ್ಯಾಪ್ಟನ್ ರೆನಾಲ್ಡ್ಸ್, ಲಖನೌದಲ್ಲಿ ಕ್ಯಾಪ್ಟನ್ ಪೇಟನ್, ಹೀಗೆ ಒಬ್ಬೊಬ್ಬರು ತಮ್ಮಲ್ಲಿ ಸಿಕ್ಕವರ ಹೇಳಿಕೆಗಳನ್ನು ಜಬಲ್ಪುರಕ್ಕೆ ಕಳುಹಿಸಿ, ಅಲ್ಲಿಂದ ಬೇರೆಯವರ ಹೇಳಿಕೆಗಳನ್ನು ತರಿಸಿಕೊಳ್ಳುತ್ತಿದ್ದರು. ಮಾಫಿಸಾಕ್ಷಿಗಳನ್ನು ಸಿಪಾಯಿಗಳ ಕಾವಲಿನಲ್ಲಿ ಊರೂರಿಗೆ ಒಯ್ದು ಗುರುತು ಹಿಡಿಸುವ ಪದ್ಧತಿಯೂ ಇತ್ತು.

ಹೇಳಿಕೆಗಳು ಬೆಳೆದಂತೆ ಅವನ್ನು ಓದುವ ಉಪಕರಣಗಳೂ ಬೆಳೆದವು. ಒಂದೇ ಹೆಸರಿನ ಹತ್ತು ಜನರನ್ನು ಬೇರ್ಪಡಿಸಲು ವಂಶಾವಳಿಗಳು ಸಿದ್ಧವಾದವು: ಯಾರು ಯಾರ ಮಗ, ಯಾರು ದತ್ತಕ, ಯಾರ ಮಗಳನ್ನು ಯಾರಿಗೆ ಕೊಟ್ಟಿದೆ. ಠಕ್ಕರು ತಮ್ಮೊಳಗೆ ಆಡುತ್ತಿದ್ದ ‘ರಾಮಸೀ’ ಎಂಬ ಗುಪ್ತಭಾಷೆಯ ಪದಕೋಶವನ್ನು ಸ್ಲೀಮನ್ನನು ಸಂಗ್ರಹಿಸಿ, 1836ರಲ್ಲಿ ಕಲ್ಕತ್ತೆಯಲ್ಲಿ ‘ರಾಮಸೀಆನ’ ಎಂಬ ಗ್ರಂಥವಾಗಿ ಪ್ರಕಟಿಸಿದನು. ದಾರಿಗರನ್ನು ಮರುಳುಮಾಡುವವನು ‘ಸೋಥಾ’, ಉರುಲು ಬಿಗಿಯುವವನು ‘ಭುರ್ತೋಟ್’, ಗುಂಡಿ ತೋಡುವವನು ‘ಲುಘಾ’, ಕೊಲೆಗೆಂದು ಗೊತ್ತುಮಾಡಿದ ಜಾಗ ‘ಬೇಲೆ’. ಈ ಬೇಲೆಗಳನ್ನೆಲ್ಲ ಗುರುತಿಸಿದ ನಕ್ಷೆಯೊಂದು ಅವಧ ರಾಜ್ಯಕ್ಕೆ ತಯಾರಾಯಿತು. ಸುಮಾರು 1,400 ಮೈಲಿಗಳ ದಾರಿಯಲ್ಲಿ 274 ಬೇಲೆಗಳು ಅದರಲ್ಲಿ ಕಾಣುತ್ತವೆ. ಎಂದರೆ ಐದು ಮೈಲಿಗೊಂದು. ಅಪರಾಧದ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸುವುದೂ, ಆರೋಪಿಗಳ ಸಂಬಂಧಗಳನ್ನು ಗೆರೆಯೆಳೆದು ಕೂಡಿಸುವುದೂ ಇಂದಿನ ಪೊಲೀಸು ಇಲಾಖೆಗಳಲ್ಲಿ ಗಣಕಯಂತ್ರದ ಕೆಲಸ. 1830ರ ದಶಕದಲ್ಲಿ ಇದನ್ನು ಮುನ್ಷಿಗಳು ಲೇಖನಿಯಿಂದ ಮಾಡಿದರು. ಈ ಮುನ್ಷಿಗಳ ಪಾಲನ್ನು ಕುರಿತು ಇಂಗ್ಲೀಷ್ ಗ್ರಂಥಗಳು ಬಹಳ ಜಿಪುಣತನ ತೋರಿವೆ. ಪಾರಸಿ, ಉರ್ದು, ಮರಾಠಿಗಳಲ್ಲಿ ಬಂದ ಮಾತುಗಳನ್ನು ಹಿಡಿದಿಟ್ಟವರು ಅವರಲ್ಲದೆ ಬೇರಾರು?

ಕೂಡಿಸಿ ಓದುವ ಇಂಥ ಏರ್ಪಾಡು ಇಲ್ಲದಿದ್ದಾಗ ಏನಾಗುತ್ತದೆಂಬುದಕ್ಕೆ ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವೊಂದುಂಟು. 1970ರ ದಶಕದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ನಡೆದ ಹೆಂಗಸರ ಸರಣಿ ಕೊಲೆಗಳ ಶೋಧನೆಯಲ್ಲಿ, 1981ರಲ್ಲಿ ಕಡೆಗೂ ಸಿಕ್ಕಿದ ಅಪರಾಧಿಯನ್ನು ಪೊಲೀಸರು ಅದಕ್ಕೆ ಮುಂಚೆಯೇ ಒಂಬತ್ತು ಬಾರಿ ವಿಚಾರಿಸಿ ಬಿಟ್ಟುಬಿಟ್ಟಿದ್ದರು. ಅವನ ಹೆಸರಿನ ಚೀಟಿಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದವು, ಒಂದಕ್ಕೊಂದು ಭೇಟಿಯಾಗಿರಲಿಲ್ಲ. ಆ ವಿಫಲತೆಯ ಫಲವಾಗಿಯೇ ಬ್ರಿಟನ್ನಿನಲ್ಲಿ ದೊಡ್ಡ ಪ್ರಕರಣಗಳಿಗೆಲ್ಲ ಒಂದೇ ಗಣಕವ್ಯವಸ್ಥೆಯು 1980ರ ದಶಕದಲ್ಲಿ ಬಂದಿತು. ನಮ್ಮ ದೇಶದಲ್ಲಿ ಪೊಲೀಸು ಠಾಣೆಗಳ ದಾಖಲೆಗಳನ್ನು ಒಂದೇ ಜಾಲಕ್ಕೆ ತರುವ ಯೋಜನೆಗೆ ಕೇಂದ್ರ ಸರ್ಕಾರವು ಒಪ್ಪಿಗೆ ಕೊಟ್ಟುದು 2009ರಲ್ಲಿ.

ಕನ್ನಡನಾಡಿನ ಓದುಗರು ಇಲ್ಲಿ ಇನ್ನೊಬ್ಬನನ್ನು ನೆನೆಯದಿರಲಾರರು. ಸುರಪುರದ ಬಾಲರಾಜ ವೆಂಕಟಪ್ಪನಾಯಕನಿಗೆ ಪೋಷಕನಂತಿದ್ದು, 1840ರ ದಶಕದಲ್ಲಿ ಆ ಸಂಸ್ಥಾನವನ್ನು ನಡೆಸಿದ ಫಿಲಿಪ್ ಮೆಡೋಸ್ ಟೇಲರ್ ಅದಕ್ಕೂ ಮೊದಲು ನಿಜಾಮನ ಸೇವೆಯಲ್ಲಿದ್ದನು. 1829ರ ಸುಮಾರಿಗೆ ತನ್ನ ಸೀಮೆಯಲ್ಲಿ ದಾರಿಗರ ನಿಗೂಢ ಕೊಲೆಗಳ ಜಾಡು ಹಿಡಿದಿದ್ದಾಗಲೇ ಸೈನ್ಯಕ್ಕೆ ಮರಳುವಂತೆ ಅವನಿಗೆ ಆಜ್ಞೆಯಾಯಿತು. ಕೀರ್ತಿಯು ಸ್ಲೀಮನ್ನನ ಪಾಲಾಯಿತೆಂಬ ಕೊರಗನ್ನು ಆತನು ತನ್ನ ಆತ್ಮಕಥೆಯಲ್ಲಿ ಅಡಗಿಸಿಲ್ಲ. 1832ರಲ್ಲಿ ಮಾಫಿಸಾಕ್ಷಿಗಳ ಹೇಳಿಕೆಗಳು ದಖ್ಖನಿಗೂ ಬಂದು ಮುಟ್ಟಿದಾಗ ಹಿಂಗೋಲಿಯಲ್ಲಿ ಆತನೂ ವಿಚಾರಣೆಯಲ್ಲಿ ಕೈಜೋಡಿಸಿದನು. ಆಗ ಕೇಳಿದುದೆಲ್ಲ 1839ರಲ್ಲಿ ‘ಕನ್ಫೆಶನ್ಸ್ ಆಫ್ ಎ ಠಗ್’ ಎಂಬ ಕಾದಂಬರಿಯಾಗಿ ಹೊರಬಂದು ಇಂಗ್ಲೆಂಡಿನಲ್ಲಿ ಬಹಳ ಓದುಗರನ್ನು ಪಡೆಯಿತು. ಸುರಪುರದ ಗುಡ್ಡದ ಮೇಲೆ ಅವನ ಹೆಸರಿನ ಮನೆಯನ್ನು ನೋಡಿದವರಿಗೆ ಅವನ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟುವುದು ಸಹಜ, ನನಗೂ ಹುಟ್ಟಿತ್ತು. ಆದರೆ ಕಾದಂಬರಿಗೆ ಆತನು ಬರೆದ ಪ್ರಸ್ತಾವನೆಯಲ್ಲಿ, ಕ್ಯಾಪ್ಟನ್ ರೆನಾಲ್ಡ್ಸ್ ಒದಗಿಸಿದ ಒಂದು ಲೆಕ್ಕದ ಪಟ್ಟಿಯಿದೆ. ಕಾದಂಬರಿಗಿಂತ ಆ ಪಟ್ಟಿಯೇ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಬೆಲೆಯುಳ್ಳದ್ದು.

1831ರಿಂದ 1837ರ ಕೊನೆಯವರೆಗಿನ ಲೆಕ್ಕವದು. ಕಡಲಾಚೆಗೆ ಸಾಗಿಸಿದವರು 1,059, ಗಲ್ಲಿಗೇರಿದವರು 412, ಆಜೀವ ಸೆರೆಯ ಶಿಕ್ಷೆ ಪಡೆದವರು 87, ಜಾಮೀನು ಕೊಡಲಾರದೆ ಸೆರೆಯಲ್ಲಿ ಉಳಿದವರು 21, ಬೇರೆ ಬೇರೆ ಅವಧಿಯ ಸೆರೆ 69. ಒಟ್ಟು ಶಿಕ್ಷಿತರು 1,648. ಮಾಫಿಸಾಕ್ಷಿಗಳಾದವರು 483. ಖುಲಾಸೆಯಾದವರು 32. ಸೆರೆಯಲ್ಲಿ ಸತ್ತವರು, ಓಡಿಹೋದವರು, ಶಿಕ್ಷೆ ಇನ್ನೂ ಗೊತ್ತಾಗದವರು, ವಿಚಾರಣೆಗೆ ಕಾದಿದ್ದ 936 ಮಂದಿ, ಎಲ್ಲರನ್ನೂ ಕೂಡಿಸಿದರೆ 3,266.

ಈ ಅಂಕಿಗಳನ್ನು ಟೇಲರನು ವಿಜಯದ ಲೆಕ್ಕವಾಗಿ ಕೊಟ್ಟಿದ್ದಾನೆ. ನಾವು ಸ್ವಲ್ಪ ಬೇರೆಯಾಗಿ ಗುಣಿಸಿ ನೋಡೋಣ. ತೀರ್ಪಾದ 1,680 ಮಂದಿಯಲ್ಲಿ ಖುಲಾಸೆಯಾದವರು 32 ಎಂದರೆ 100ಕ್ಕೆ ಇಬ್ಬರೂ ಇಲ್ಲ. ಮೂರೂವರೆ ಶಿಕ್ಷಿತರಿಗೆ ಒಬ್ಬನಂತೆ ಮಾಫಿಸಾಕ್ಷಿಗಳಿದ್ದಾರೆ. ಎಷ್ಟೇ ಜಾಣನಾದ ಶೋಧಕನಿರಲಿ, ಹಿಡಿದವರಲ್ಲಿ 100ಕ್ಕೆ 98 ಮಂದಿ ಅಪರಾಧಿಗಳೇ ಆಗಿರುವರೆಂದು ನಂಬುವುದು ಕಷ್ಟ. ವಿಧಾನದಲ್ಲಿ ಎಲ್ಲಿಯೋ ತೂಕವು ಒಂದು ಕಡೆಗೆ ವಾಲಿದೆ.

ಅದು ವಾಲಿದುದು ಹೇಗೆಂಬುದು ಕಾನೂನಿನ ಇತಿಹಾಸದಿಂದ ತಿಳಿಯುತ್ತದೆ. ಬಂಗಾಳದ ಸಾಮಾನ್ಯ ನ್ಯಾಯಾಲಯಗಳಲ್ಲಿ ಸಹಾಪರಾಧಿಯ ಮಾತಿನ ಬಲದಿಂದಲೇ ಶಿಕ್ಷೆ ಕೊಡಿಸುವುದು ಸುಲಭವಿರಲಿಲ್ಲ. ಪೆರಿಯ ಅನುಭವವನ್ನು ಮೇಲೆ ನೋಡಿದೆವು. ಸಾಗರ-ನರ್ಮದಾ ಪ್ರದೇಶವು ಆ ನ್ಯಾಯಾಲಯಗಳ ಕಟ್ಟಳೆಗಳಿಗೆ ಹೊರತಾಗಿದ್ದುದರಿಂದ ಸ್ಮಿತ್‌ನಿಗೆ ಹೆಚ್ಚು ಸ್ವಾತಂತ್ರ್ಯವಿತ್ತು. ಉಳಿದ ತೊಡಕನ್ನು 1836ರ 30ನೆಯ ಅಧಿನಿಯಮವು ನಿವಾರಿಸಿತು. ಯಾವನಾದರೂ ಠಕ್ಕರ ತಂಡಕ್ಕೆ ಸೇರಿದ್ದನೆಂದು ಸಿದ್ಧವಾದರೆ, ಅದು ಈ ಕಾನೂನಿಗೆ ಮೊದಲಾಗಿರಲಿ ಆಮೇಲಾಗಿರಲಿ, ಕಂಪನಿಯ ಸೀಮೆಯ ಒಳಗಾಗಲಿ ಹೊರಗಾಗಲಿ, ಅವನಿಗೆ ಕಠಿಣ ದುಡಿಮೆಯ ಆಜೀವ ಸೆರೆ. ಕೊಲೆಯನ್ನು ಸಾಬೀತುಗೊಳಿಸಬೇಕಾಗಿಲ್ಲ; ತಂಡದಲ್ಲಿದ್ದನೆಂದರೆ ಸಾಕು. ‘ಠಕ್ಕ’ ಎಂದರೆ ಯಾರೆಂಬ ನಿರ್ವಚನವು ಆ ಅಧಿನಿಯಮದಲ್ಲಿ ಇಲ್ಲ. ಮರುವರ್ಷದ 19ನೆಯ ಅಧಿನಿಯಮವು, ಶಿಕ್ಷೆಗೊಳಗಾದವನೆಂಬ ಕಾರಣದಿಂದ ಯಾರ ಸಾಕ್ಷ್ಯವನ್ನೂ ನಿರಾಕರಿಸಕೂಡದೆಂದು ವಿಧಿಸಿತು.

ಎಂದರೆ ಶೋಧನೆಯ ಸೌಕರ್ಯಕ್ಕೆ ತಕ್ಕಂತೆ ಸಾಕ್ಷ್ಯದ ಅಳತೆಗೋಲನ್ನೇ ಬದಲಾಯಿಸಲಾಯಿತು. ಶೋಧಕನು ಹೊಸ ಸಂದರ್ಭಕ್ಕೆ ಹೊಂದಿಕೊಳ್ಳಬೇಕಾದುದು ನಿಜ. ಸ್ಲೀಮನ್ನನ ಹೆಚ್ಚಳವೆಲ್ಲ ಅದರಲ್ಲಿಯೇ ಇದೆ. ನ್ಯಾಯಪೀಠವೂ ಶೋಧಕನಿಗೆ ಹೊಂದಿಕೊಂಡಾಗ ಮಾತ್ರ ಹೇಳಿಕೆಗಳನ್ನು ಪರೀಕ್ಷಿಸಲು ಹೊರಗಿನವರು ಯಾರೂ ಉಳಿಯುವುದಿಲ್ಲ. ಗ್ವಾಲಿಯರಿನ ರೆಸಿಡೆಂಟನಾಗಿದ್ದ ಕ್ಯಾವೆಂಡಿಶ್ ಇದನ್ನು ಅಂದೇ ಕಂಡಿದ್ದನು. ಮಾಫಿಸಾಕ್ಷಿಗಳೂ ಕಾವಲಿನ ಸಿಪಾಯಿಗಳೂ ಸಿಂಧಿಯಾನ ಸೀಮೆಯ ಹಳ್ಳಿಗಳಿಗೆ ನುಗ್ಗಿ, ಹೆಸರು ಹೇಳಿಬಿಡುವೆವೆಂದು ಬೆದರಿಸಿ ಹಣ ಕೀಳುವರೆಂಬ ದೂರುಗಳು ಬಂದಿದ್ದವು; ಅವನು ಪ್ರತಿಭಟಿಸಿದನು. ಮೇಲಿನವರು ಆತನನ್ನು ಕಾರ್ಯಕ್ಕೆ ಅಡ್ಡಿಯೆಂದೇ ಎಣಿಸಿದರು. ಸಹಕಾರವೆಂಬುದಕ್ಕೆ ಒಪ್ಪಿಗೆಯೆಂದೇ ಅರ್ಥವಾಗಿಬಿಟ್ಟ ಕಚೇರಿಯಲ್ಲಿ ಕ್ಯಾವೆಂಡಿಶ್‌ನಂಥವರಿಗೆ ಎಡೆಯಿರುವುದಿಲ್ಲ.

ಹೇಳಿಕೆಗಳು ಒಂದನ್ನೊಂದು ಸಮರ್ಥಿಸುತ್ತವೆಯೆಂಬ ವಾದವನ್ನೂ ಎಚ್ಚರದಿಂದ ನೋಡಬೇಕು. ಮೊದಲ ಒಂದೆರಡು ವರ್ಷ ಮಾಫಿಸಾಕ್ಷಿಗಳು ನಿಜವಾಗಿಯೂ ಬೇರೆ ಬೇರೆ ಸೀಮೆಗಳಿಂದ ಬಂದವರು, ಪರಸ್ಪರ ಕಾಣದವರು. ಆದರೆ ವರ್ಷಗಳು ಕಳೆದಂತೆ ಜಬಲ್ಪುರದ ಸೆರೆಯಲ್ಲಿ ನೂರಾರು ಮಂದಿ ಒಟ್ಟಿಗೆ ಬಾಳಿದರು. 1837ರ ಸುಮಾರಿಗೆ ಅಲ್ಲಿ ಉದ್ಯೋಗಶಾಲೆಯೊಂದು ತೆರೆಯಿತು. ಡೇರೆ, ಜಮಖಾನೆಗಳ ನೇಯ್ಗೆಯಲ್ಲಿ ಒಟ್ಟಿಗೆ ಕುಳಿತವರು ಹಳೆಯ ಪ್ರವಾಸಗಳ ಮಾತಾಡದೆ ಇದ್ದಾರೆಯೆ? ಸಾಹೇಬರಿಗೆ ಎಂಥ ಉತ್ತರ ಹಿಡಿಸುತ್ತದೆಂಬುದೂ ಅವರಿಗೆ ತಿಳಿದಿತ್ತು. ಹೇಳದಿದ್ದರೆ ಮಾಫಿ ತಪ್ಪುತ್ತಿತ್ತು. ಹೆಚ್ಚು ಹೇಳಿದರೆ ನಷ್ಟವಿರಲಿಲ್ಲ.

ಲಖನೌದಲ್ಲಿ ಪೇಟನನು ದಾಖಲಿಸಿದ ಬೆಹ್ರಾಮನ ಪ್ರಕರಣವು ಇದಕ್ಕೆ ಒಳ್ಳೆಯ ಉದಾಹರಣೆ. ಈತನು 931 ಕೊಲೆಗಳನ್ನು ಮಾಡಿದನೆಂಬ ಮಾತು ಜನಪ್ರಿಯ ಗ್ರಂಥಗಳಲ್ಲಿ ಇಂದಿಗೂ ತಿರುಗಾಡುತ್ತಿದೆ. ಆದರೆ 931 ಎಂಬುದು ಅವನು ಹಾಜರಿದ್ದ ತಂಡಗಳು ಮಾಡಿದ ಕೊಲೆಗಳ ಲೆಕ್ಕ. ಅದೇ ಪೇಟನನ ಕಾಗದಗಳಲ್ಲಿ, ತನ್ನ ಕೈಯಿಂದ ಸತ್ತವರು 125 ಇರಬಹುದು, ಕಣ್ಣೆದುರಿಗೆ ಸತ್ತವರು ಇನ್ನೂ 150 ಇರಬಹುದೆಂದು ಬೆಹ್ರಾಮನು ಹೇಳಿದುದೂ ಇದೆ. ಒಂದೇ ತಂಡದ ಇಪ್ಪತ್ತು ಮಂದಿ ಒಂದೇ ಕೊಲೆಯನ್ನು ತಮ್ಮ ತಮ್ಮ ಲೆಕ್ಕದಲ್ಲಿ ಹೇಳಿದರೆ, ಕೂಡಿಸುವವನ ಪುಸ್ತಕದಲ್ಲಿ ಇಪ್ಪತ್ತು ಹೆಣ ಬೀಳುತ್ತವೆ. ವಾರ್ತೆಗಳನ್ನು ಕೂಡಿಹಾಕುವ ವಿಧಾನಕ್ಕೆ ಅಂಟಿಕೊಂಡೇ ಬರುವ ದೋಷವಿದು.

ಇನ್ನು ಠಕ್ಕರ ಧರ್ಮದ ವಿಷಯ. ಕಾಳಿಯನ್ನು ಆರಾಧಿಸುವ ವಂಶಪಾರಂಪರ್ಯದ ಒಂದೇ ಗುಪ್ತಪಂಥವು ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಹರಡಿತ್ತೆಂಬುದು ಸ್ಲೀಮನ್ನನ ಸಿದ್ಧಾಂತ. ಆತನೇ ಅಚ್ಚುಹಾಕಿಸಿದ ಸಂಭಾಷಣೆಗಳನ್ನು ಓದಿದರೆ ಈ ಸಿದ್ಧಾಂತವು ನಿಲ್ಲುವುದಿಲ್ಲ. ಠಕ್ಕರಲ್ಲಿ ಮುಸಲ್ಮಾನರೂ ಬಹಳ ಮಂದಿ ಇದ್ದರು. ಭವಾನಿಯೂ ಫಾತಿಮಾಳೂ ಒಬ್ಬಳೆಯೋ ಎಂದು ಸಾಹೇಬನು ಕೇಳಿದರೆ ಒಬ್ಬನು ಹೌದೆನ್ನುತ್ತಾನೆ, ಇನ್ನೊಬ್ಬನು ಅಲ್ಲವೆನ್ನುತ್ತಾನೆ. ಹೆಂಗಸರನ್ನು ಕೊಲ್ಲಬಹುದೆ, ಯಾವ ಜಾತಿಯವರನ್ನು ಬಿಡಬೇಕು ಎಂಬುದರಲ್ಲಿ ಹಿಂದುಸ್ಥಾನದವರಿಗೂ ತೆಲಂಗಾಣ, ಆರ್ಕಾಟುಗಳ ಕಡೆಯವರಿಗೂ ಮತಭೇದ. ಏಕತೆಯು ಇರುವುದು ಪ್ರಶ್ನೆಗಳಲ್ಲಿ, ಉತ್ತರಗಳಲ್ಲಿ ಇಲ್ಲ. ಹೀರಾಲಾಲ್ ಗುಪ್ತರು 1959ರಲ್ಲಿಯೂ, ಸ್ಟೂವರ್ಟ್ ಗಾರ್ಡನ್ 1969ರಲ್ಲಿಯೂ ಈ ಸಿದ್ಧಾಂತವನ್ನು ಪ್ರಶ್ನಿಸಿದರು. ಕಾನೂನಿನ ಕಡೆಯಿಂದ ರಾಧಿಕಾ ಸಿಂಘಾ 1993ರಲ್ಲಿ ಬರೆದ ಪ್ರಬಂಧವೂ, 2007ರಲ್ಲಿ ಬಂದ ಕಿಮ್ ವ್ಯಾಗ್ನರನ ಗ್ರಂಥವೂ ಈ ಚರ್ಚೆಯನ್ನು ಬಹು ಮುಂದಕ್ಕೆ ಒಯ್ದಿವೆ. ಠಕ್ಕತನವೆಲ್ಲ ಬ್ರಿಟಿಷರ ಕಟ್ಟುಕಥೆಯೆಂದು ಕೆಲವರು ಹೇಳುವಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಸಲೋಹಾದ ತೋಪಿನ ಮೂಳೆಗಳನ್ನು ಯಾರೂ ಕಲ್ಪಿಸಲಿಲ್ಲ. ಯುದ್ಧಗಳು ನಿಂತು ಸೈನ್ಯಗಳು ಚದುರಿದ ಕಾಲದಲ್ಲಿ, ಸ್ಥಳೀಯ ಜಮೀನುದಾರರ ಆಶ್ರಯದಲ್ಲಿ, ಕೊಲೆಯನ್ನೇ ವೃತ್ತಿಯಾಗಿಸಿಕೊಂಡ ಅನೇಕ ತಂಡಗಳು ಇದ್ದವು. ಅವುಗಳ ನಡುವೆ ಪರಿಚಯವಿತ್ತು, ಕೆಲವು ಸಂಕೇತಗಳೂ ಹಂಚಿಕೆಯಾಗಿದ್ದವು. ಅದನ್ನು ಒಂದು ಪಂಥವಾಗಿ ಕಟ್ಟಿದುದು ಜಬಲ್ಪುರದ ಕಚೇರಿ. ಮೈಸೂರಿನ ಮಟ್ಟಿಗೆ ಶೆರ್ವುಡ್ ಹೇಳುವುದೂ ಇದಕ್ಕೆ ಹೊಂದುತ್ತದೆ: ಹೈದರನು ಫಾಸಿಗಾರರನ್ನು ವಿಚಾರಣೆಯ ಗೊಡವೆಯಿಲ್ಲದೆ ಕೊಲ್ಲಿಸಿದನು, ಟಿಪ್ಪು ಕೆಲವರಿಗೆ ಕಠಿಣ ದುಡಿಮೆಯನ್ನೂ ಕೆಲವರಿಗೆ ಅಂಗಚ್ಛೇದವನ್ನೂ ವಿಧಿಸಿದನು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ದಾರಿಗಳ್ಳತನಕ್ಕೆ ಮರಣದಂಡನೆಯಾಯಿತು. ಈ ಅರಸರಲ್ಲಿ ಯಾರೂ ಅದನ್ನು ಧರ್ಮದ ಪ್ರಶ್ನೆಯಾಗಿ ನೋಡಿದಂತೆ ತೋರುವುದಿಲ್ಲ.

ಕಚೇರಿಯೊಂದು ಹುಟ್ಟಿದ ಮೇಲೆ ತನ್ನ ಕೆಲಸ ಮುಗಿಯಿತೆಂದು ತಾನಾಗಿ ಹೇಳುವುದು ಅಪರೂಪ. 1839ರಲ್ಲಿ ಸ್ಲೀಮನ್ನನ ಅಧಿಕಾರವು ಡಕಾಯಿತಿಯ ದಮನಕ್ಕೂ ವಿಸ್ತರಿಸಿತು. ಅದೇ ವರ್ಷ, ತಂದೆತಾಯಿಗಳನ್ನು ಕೊಂದು ಮಕ್ಕಳನ್ನು ಮಾರುವ ‘ಮೇಗ್‌ಪನ್ನಾ’ ಎಂಬ ಮತ್ತೊಂದು ವರ್ಗವನ್ನು ಕುರಿತು ಆತನು ವರದಿ ಬರೆದನು. 1843ರ 24ನೆಯ ಅಧಿನಿಯಮವು ತಂಡದಲ್ಲಿದ್ದುದೇ ಅಪರಾಧವೆಂಬ ತತ್ತ್ವವನ್ನು ಡಕಾಯಿತರಿಗೂ ಅನ್ವಯಿಸಿತು. ಸ್ಲೀಮನ್ 1849ರಲ್ಲಿ ಲಖನೌದ ರೆಸಿಡೆಂಟನಾಗಿ ಹೋದನು. 1856ರಲ್ಲಿ ಸ್ವದೇಶಕ್ಕೆ ಮರಳುವಾಗ ಸಿಂಹಳದ ಬಳಿ ಹಡಗಿನಲ್ಲಿ ತೀರಿಕೊಂಡನು. ಅವನ ಇಲಾಖೆಯು 1904ರವರೆಗೆ ಉಳಿದು, ಫ್ರೇಸರ್ ಆಯೋಗದ ತರುವಾಯ ಕರ್ಜನನ ಕಾಲದಲ್ಲಿ ಕೇಂದ್ರದ ಅಪರಾಧ ವಾರ್ತಾ ಇಲಾಖೆಯಾಗಿ ರೂಪಾಂತರ ಹೊಂದಿತು. ಆ ಇಲಾಖೆಯ ಗಮನವು ಬೇಗನೆ ದರೋಡೆಕೋರರಿಂದ ರಾಷ್ಟ್ರೀಯ ಚಳುವಳಿಯವರ ಕಡೆಗೆ ತಿರುಗಿತೆಂಬುದು ಎಲ್ಲರಿಗೂ ತಿಳಿದ ವಿಷಯ.

ವಂಶಾವಳಿಯ ಪರಿಣಾಮವು ಇನ್ನೂ ದೀರ್ಘವಾದುದು. ಸಂಬಂಧಗಳನ್ನು ಅರಿಯಲು ಹುಟ್ಟಿದ ಉಪಕರಣವು ಕ್ರಮೇಣ ಅಪರಾಧವು ರಕ್ತದಲ್ಲಿಯೇ ಬರುತ್ತದೆಂಬ ನಂಬಿಕೆಗೆ ಆಧಾರವಾಯಿತು. 1871ರ 27ನೆಯ ಅಧಿನಿಯಮವು ಇಡೀ ಜಾತಿಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮೊದಲು ಉತ್ತರಕ್ಕೆ ಸೀಮಿತವಾಗಿದ್ದ ಇದು 1911ರ ಕಾನೂನಿನಿಂದ ಮದರಾಸು, ಮುಂಬಯಿ ಪ್ರಾಂತಗಳಿಗೂ ಬಂದಿತು. ಬಿಜಾಪುರ, ಹುಬ್ಬಳ್ಳಿಗಳಲ್ಲಿ ಇಂಥವರಿಗಾಗಿ ವಸಾಹತುಗಳಾದವು. ಗಂಟೆ ಬಾರಿಸಿದಾಗ ಹಾಜರಿ ಕೊಡುವುದು, ಚೀಟಿಯಿಲ್ಲದೆ ಹೊರಗೆ ಹೋಗದಿರುವುದು ಅಲ್ಲಿನ ಬಾಳಾಯಿತು. 1952ರ ಆಗಸ್ಟ್ 31ರಂದು ಈ ಕಾನೂನು ರದ್ದಾಯಿತು. ಹುಬ್ಬಳ್ಳಿಯ ಜನರ ಬಾಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇನ್ನೂ ಉಳಿದಿದೆ.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಟೇಲರನ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದೆ. 98 ಎಂಬ ಪ್ರಮಾಣವನ್ನು ಲೆಕ್ಕಹಾಕಿ ತೋರಿಸಿ, ಸಾಕ್ಷ್ಯದ ವಿಮರ್ಶೆಗೆ ಇದೊಂದು ಒಳ್ಳೆಯ ಅಭ್ಯಾಸವೆಂದು ಹೇಳಿ ಮುಂದಿನ ಅಂಶಕ್ಕೆ ಹೋಗುವುದರಲ್ಲಿದ್ದೆ. ಅಜ್ಜನು ಆ ಸೆಟ್ಲಮೆಂಟಿನ ಬೇಲಿಯೊಳಗೆ ಹುಟ್ಟಿದ್ದನೆಂದು ನನಗೆ ಆಮೇಲೆ ತಿಳಿದುಬಂದ ಒಬ್ಬ ವಿದ್ಯಾರ್ಥಿಯು ಎದ್ದುನಿಂತು, ಖುಲಾಸೆಯಾದ ಆ 32 ಮಂದಿ ಯಾರು, ತಮ್ಮ ಊರಿಗೆ ಮರಳಿದರೆ, ಊರವರು ಅವರನ್ನು ಏನೆಂದು ಕರೆದರು ಎಂದು ಕೇಳಿದನು. ಗಲ್ಲಿಗೇರಿದ ಜಮಾದಾರರ ಹೆಸರುಗಳು, ಅವರ ತಂದೆ ತಾತಂದಿರ ಹೆಸರುಗಳು, ದತ್ತುಮಕ್ಕಳ ಹೆಸರುಗಳು ಕೂಡ ‘ರಾಮಸೀಆನ’ದಲ್ಲಿ ಪುಟಗಟ್ಟಲೆ ಇವೆ. ಖುಲಾಸೆಯಾದವರಿಗೆ ಟೇಲರನ ಪಟ್ಟಿಯಲ್ಲಿ ಒಂದು ಸಾಲು, ಆ ಸಾಲಿನಲ್ಲಿ ಒಂದು ಅಂಕಿ. ಅದನ್ನೇ ಅವನಿಗೆ ಹೇಳಿದೆನು.